ಧ್ವನಿಮತ

ಮಲ್ಪೆ ದಕ್ಕೆಯಲ್ಲಿ ಏಲಂ ಬರೆಯುವವ ನಾನು.
ಇಪ್ಪತ್ತೆರಡು ವರ್ಷದಿಂದ ಅದೇ ಪ್ಲಾಸ್ಟಿಕ್ ಸ್ಟೂಲು,
ರಟ್ಟಿನ ಪುಸ್ತಕ ಮಾತ್ರ ವರ್ಷಕ್ಕೆ ನಾಲ್ಕು ಬದಲು;
ಮೀನಿನ ನೀರು ತಾಗಿ ಹಾಳೆ ಉಬ್ಬುತ್ತದೆ,
ಅಕ್ಷರ ಉಳಿಯುತ್ತದೆ.

ಇಲ್ಲಿ ಕೂಗಿದ್ದೇ ಕರಾರು.
ಸಹಿ ಬೇಡ, ಸಾಕ್ಷಿ ಬೇಡ, ಗಂಟಲು ಸಾಕು.
ನೂರು ಗಂಟಲ ನಡುವೆ ಯಾವುದು ಯಾರದೆಂದು
ತಲೆ ಎತ್ತದೆಯೇ ಹೇಳಬಲ್ಲೆ:
ಸುಗಂಧಿಯದು ಬಟ್ಟೆ ಹರಿದ ಹಾಗೆ,
ಐಸ್ ಪ್ಲಾಂಟಿನ ಮೊಯ್ದಿನಬ್ಬರದು ಮೂಗಿನಲ್ಲಿ ಹೊರಟು ಬಾಯಿಗೆ ಬರುವಂಥದು,
ವಾರಿಜಕ್ಕನದು ಒಂದೇ ಸಲ, ಮೊಳೆ ಹೊಡೆದಂತೆ.

ಒಮ್ಮೆ ಬಂಗುಡೆಗೆ ಕೂಗಿದಳು: ಮೂರು ಸಾವಿರದ ಇನ್ನೂರು.
ಬುಟ್ಟಿ ತಲೆಗೇರುವ ಮೊದಲೇ
ಅಳಿವೆಯ ಬಾಯಲ್ಲಿ ಹದಿನೇಳು ಬೋಟು ಕಂಡವು,
ಎಲ್ಲದರ ಹೊಟ್ಟೆಯಲ್ಲೂ ಬಂಗುಡೆ.
ದರ ಬಿತ್ತು ಸಾವಿರದ ನಾನೂರಕ್ಕೆ.
ಹೇಳಬಹುದಿತ್ತು: ಕೂಗಿದ್ದು ನಾನಲ್ಲ, ಹಿಂದೆ ನಿಂತವಳು.
ಹೇಳಬಹುದಿತ್ತು: ಕೂಗಿದ್ದು ಹೌದು, ಅರ್ಥ ಬೇರೆ.
ಸೊಂಟದ ಚೀಲ ಬಿಚ್ಚಿ ಎಣಿಸಿದಳು,
ಕೊನೆಯ ಇನ್ನೂರು ಹತ್ತರ ನೋಟಿನಲ್ಲಿ.
ನಾನು ಬರೆದೆ: ವಾರಿಜ ತಿಂಗಳಾಯ, ೩೨೦೦, ಪಾವತಿ.

ಅದೇ ದಕ್ಕೆಯಲ್ಲಿ, ಜನವರಿಯಲ್ಲಿ,
ಕವುಚಿ ಹಾಕಿದ ಎರಡು ಕ್ರೇಟಿನ ಮೇಲೆ ನಿಂತು
ನಮ್ಮ ಶಾಸಕರು ಹೇಳಿದ್ದರು, ಪ್ಯಾಂಟು ಮಡಚಿಕೊಂಡು:
"ಈ ದಡದ ಒಂದು ಹಿಡಿ ಹೊಯಿಗೆಯನ್ನೂ
ಕಂಪೆನಿಗೆ ಕೊಡಲು ಬಿಡುವುದಿಲ್ಲ.
ಮಸೂದೆ ಬರಲಿ, ನನ್ನ ದನಿ ಕೇಳಿಸುತ್ತದೆ."
ಚಪ್ಪಾಳೆಗೆ ಕಾಗೆಗಳು ಎದ್ದು, ಮತ್ತೆ ಕೂತವು.

ಮಸೂದೆ ಬಂತು ಜುಲೈಯಲ್ಲಿ,
ಬೋಟುಗಳೆಲ್ಲ ದಡ ಹತ್ತಿ
ನಾವು ಬಲೆಯ ತೂತು ಹೊಲಿಯುತ್ತಿದ್ದಾಗ.
ಬಂತು, ಹೋಯಿತು, ಕಾಯಿದೆಯಾಯಿತು;
ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲವಂತೆ.

"ಅವರು ಎಂತ ಹೇಳಿದ್ದು? ಅಂದಾ, ಅತ್ತಾ?"
ವಾರಿಜಕ್ಕ ನನ್ನನ್ನು ಕೇಳಿದಳು,
ಬರೆಯುವ ಪುಸ್ತಕಗಳೆಲ್ಲ ಒಂದಕ್ಕೊಂದು ನೆಂಟರೆಂಬ ಹಾಗೆ.

ತಂಗಿಯ ಮಗ ಸದನದ ನಡಾವಳಿ ತರಿಸಿಕೊಟ್ಟ.
ನೂರಾ ಹನ್ನೆರಡು ಪುಟ. ಬೆರಳಿಟ್ಟು ಓದಿದೆ.
ಯಾರು ಎದ್ದರು, ಯಾರು ಕೂತರು,
ಎಲ್ಲಿ ನಕ್ಕರು ಎಂಬುದೂ ಅಚ್ಚಾಗಿದೆ, ಕಂಸದಲ್ಲಿ.
ಕೊನೆಗೆ: ಪರವಾಗಿರುವವರು ಹೌದು ಎನ್ನಿ,
ವಿರುದ್ಧವಾಗಿರುವವರು ಇಲ್ಲ ಎನ್ನಿ.
ಅದರ ಕೆಳಗೆ ಒಂದೇ ಸಾಲು:
ಧ್ವನಿಮತದಿಂದ ಅಂಗೀಕರಿಸಲಾಯಿತು.
ಹೆಸರಿಲ್ಲ.
ಅಷ್ಟೊಂದು ಗಂಟಲು, ಒಂದು ಧ್ವನಿ.
ಅಲ್ಲಿ ಬರೆಯುವವ ತಲೆ ಎತ್ತಿರಲಿಲ್ಲವೋ,
ಎತ್ತದಿರುವುದಕ್ಕೇ ಸಂಬಳವೋ.

ಶಾಸಕರು ಕಾಪುವಿನ ಮದುವೆಯಲ್ಲಿ ಹೇಳಿದರು:
"ಇಲ್ಲ ಅಂದಿದ್ದೆ, ಗದ್ದಲದಲ್ಲಿ ಕೇಳಿಸಲಿಲ್ಲ."
ಅದೇ ವಾರ ಕಲ್ಯಾಣಪುರದಲ್ಲಿ: "ಆಗ ನಾನು ಹೊರಗೆ ಫೋನಿನಲ್ಲಿದ್ದೆ."
ಮಣಿಪಾಲದ ಹೋಟೆಲಿನಲ್ಲಿ, ಕಂಪೆನಿಯವರ ಪಕ್ಕ,
ಏನೂ ಹೇಳಲಿಲ್ಲ, ಶಾಲು ಹೊದ್ದುಕೊಂಡರು.

ಸೆಪ್ಟೆಂಬರಿನಲ್ಲಿ ಮತ್ತೆ ದಕ್ಕೆಗೆ ಬಂದರು.
ಏಲಂ ನಿಂತಿತು. ವಾರಿಜಕ್ಕ ಒಂದು ಕ್ರೇಟು ಕವುಚಿ
ಸೆರಗಿನಿಂದ ಒರೆಸಿ ತೋರಿಸಿದಳು:
"ಹತ್ತಿ. ಅಲ್ಲಿ ಹೇಳಿದ್ದನ್ನೇ ಇಲ್ಲಿ ಕೂಗಿ, ಒಂದೇ ಮಾತು,
ಇವ ಬರೆದುಕೊಳ್ತಾನೆ.
ಹೌದು ಅಂದದ್ದಾದರೆ ಹೌದು ಅನ್ನಿ. ಸಿಟ್ಟು ಬರ್ತದೆ,
ಆದರೆ ಲೆಕ್ಕ ಅಂತ ಒಂದು ಉಂಟಲ್ಲ ಮಾರಾಯ್ರೇ."

ಅವರು ನಕ್ಕರು, ಕಂಸದಲ್ಲಿ.
"ವಿಷಯ ಅಷ್ಟು ಸರಳ ಇಲ್ಲ ಅಮ್ಮ" ಎಂದರು,
ಬೂತಾಯಿಯ ದರ ಕೇಳಿದರು,
ತಮ್ಮ ಶೂ ನೋಡಿಕೊಂಡರು.

ಆ ದಿನದ ಹಾಳೆಯಲ್ಲಿ ಅವರ ಹೆಸರು ಬರೆದಿದ್ದೇನೆ,
ಇನಿಶಿಯಲ್ ಸಮೇತ. ಮುಂದಿನ ಕಲಮು ಖಾಲಿ.
ಮೀನಿನ ಹುರುಪೆಯೊಂದು ಅಲ್ಲಿ ಅಂಟಿ ಒಣಗಿದೆ, ಕೀಳಲಿಲ್ಲ.
ಅವರಿಗೇ ಬಟನ್ ಒತ್ತಿದವ ನಾನೂ.
ನನ್ನದು ಗುಪ್ತ ಮತ, ಹೇಳಬೇಕಾಗಿರಲಿಲ್ಲ;
ಹೇಳಿದೆ.

ಸುಗಂಧಿ ಕೂಗುತ್ತಿದ್ದಾಳೆ, ಎಂಟುನೂರ ಐವತ್ತು.
ಅವಳೇ. ಕೇಳಿಸಿತು.
ಬರೆಯುತ್ತಿದ್ದೇನೆ.